ಡ್ರಮ್ ಮೇಲೆ ಸೇನಾ ಮಾನದಂಡದ (ಮಿಲ್) ನಂಬರ್ ಇದೆ ಅಂತ ನಂಬಿ ದುಡ್ಡು ಕಟ್ಟಬೇಡಿ

ಸೇನೆಯ ಕೆಲಸಕ್ಕೆ ಆಯಿಲ್, ಗ್ರೀಸ್ ಸಪ್ಲೈ ಮಾಡಬೇಕು ಅಂದುಕೊಂಡಿರುವ ಸಣ್ಣ ವ್ಯಾಪಾರಿಗಳು ದಯವಿಟ್ಟು ಇದನ್ನು ಓದಿ.

ಪೀಣ್ಯದಲ್ಲಿ ನನ್ನದು ಲೂಬ್ರಿಕೆಂಟ್ ವ್ಯಾಪಾರ. ವಾಯುಪಡೆಯ ಕೆಲಸ ಹಿಡಿದಿದ್ದ ಕಂಪನಿಯೊಂದರಿಂದ ವಿಮಾನದ ಹೈಡ್ರಾಲಿಕ್ ಆಯಿಲ್‌ಗೆ ಆರ್ಡರ್ ಬಂತು. ಮಿಲ್-ಪಿಆರ್‌ಎಫ್-5606, ಅಂದರೆ ಅಮೆರಿಕದ ಸೇನಾ ಮಾನದಂಡ. ನಮಗೆ ಪರಿಚಯದ ಬ್ಲೆಂಡರ್ (ಎಣ್ಣೆ ಬೆರೆಸಿ ತಯಾರಿಸುವವರು) ಒಬ್ಬರು, "ನಮ್ಮದು 5606ಕ್ಕೆ ಮೀಟ್ ಆಗುತ್ತೆ ಸಾರ್" ಎಂದು ಟೆಸ್ಟ್ ರಿಪೋರ್ಟ್ ಕೊಟ್ಟರು. ಫ್ಲ್ಯಾಶ್ ಪಾಯಿಂಟ್ (ಎಣ್ಣೆಯ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಉಷ್ಣತೆ) 82 ಡಿಗ್ರಿಗಿಂತ ಮೇಲೆ, ಪೋರ್ ಪಾಯಿಂಟ್ (ಎಣ್ಣೆ ಹರಿಯಬಲ್ಲ ಅತಿ ಕಡಿಮೆ ಉಷ್ಣತೆ) ಮೈನಸ್ 60ಕ್ಕಿಂತ ಕೆಳಗೆ, ಬಣ್ಣ ಕೆಂಪು. ಎಲ್ಲ ಸರಿ ಇತ್ತು. ಪೂರ್ತಿ ದುಡ್ಡು ಕೊಟ್ಟು ಡ್ರಮ್‌ಗಳನ್ನು ಕಳಿಸಿದೆ.

ಅಲ್ಲಿನ ಕ್ವಾಲಿಟಿಯವರು ಸ್ಯಾಂಪಲ್ ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ದಾಳಿಂಬೆ ರಸದ ಹಾಗೆ ತಿಳಿಯಾಗಿತ್ತು. ಆಮೇಲೆ ಕೇಳಿದ್ದು ಒಂದೇ: "ಅಪ್ರೂವಲ್ ಲೆಟರ್ ಎಲ್ಲಿ?" ರಿಪೋರ್ಟ್ ತೋರಿಸಿದೆ. "ಎಣ್ಣೆ ಚೆನ್ನಾಗೇ ಇರಬಹುದು ಸ್ವಾಮಿ, ಒಪ್ಪಿಗೆ ಸಿಕ್ಕ ಎಣ್ಣೆಗಳ ಪಟ್ಟಿಯಲ್ಲಿ ಇಲ್ಲವಲ್ಲ" ಎಂದರು. ಅಷ್ಟೂ ಡ್ರಮ್ ವಾಪಸ್.

'ಮೀಟ್ ಆಗುತ್ತೆ' ಬೇರೆ, 'ಕ್ವಾಲಿಫೈ ಆಗಿದೆ' ಬೇರೆ. ಲ್ಯಾಬ್ ರಿಪೋರ್ಟ್ ಆ ಒಂದು ಬಾಟಲಿಯ ಮಾತು ಮಾತ್ರ ಹೇಳುತ್ತದೆ. ಅರ್ಹತೆ ಸಿಗುವುದು ನಿರ್ದಿಷ್ಟ ಫಾರ್ಮುಲಾಗೆ, ಅದು ತಯಾರಾಗುವ ನಿರ್ದಿಷ್ಟ ಪ್ಲಾಂಟಿಗೆ. ರಬ್ಬರ್ ಸೀಲ್ ಎಷ್ಟು ಊದುತ್ತದೆ, ಲೋಹ ತುಕ್ಕು ಹಿಡಿಯುತ್ತದಾ, ಚಳಿಯಲ್ಲಿ ಎಣ್ಣೆ ಹೇಗಿರುತ್ತದೆ ಎಂದೆಲ್ಲ ಪರೀಕ್ಷಿಸಿದ ಮೇಲೆಯೇ ಹೆಸರು ಪಟ್ಟಿಗೆ ಸೇರುವುದು. ಖರ್ಚು ತಯಾರಕರದ್ದೇ. ನಡುವೆ ಬೇಸ್ ಆಯಿಲ್ (ಮೂಲ ಎಣ್ಣೆ) ಅಥವಾ ಅಡಿಟಿವ್ (ಅದಕ್ಕೆ ಬೆರೆಸುವ ರಾಸಾಯನಿಕ) ಬದಲಾಯಿಸಿದರೆ ತಿಳಿಸಬೇಕು, ಮತ್ತೆ ಪರೀಕ್ಷೆ ಆಗಬೇಕಾಗಬಹುದು. ಹಾರುವ ವಿಮಾನದ ವಿಷಯ, ಇಷ್ಟು ಬಿಗಿ ಇರಲೇಬೇಕು ಎಂದು ನನಗೀಗ ಅನ್ನಿಸುತ್ತದೆ.

ಅಮೆರಿಕದ ಪಟ್ಟಿಗೆ ಕ್ಯೂಪಿಎಲ್, ಅಂದರೆ ಅರ್ಹತೆ ಪಡೆದ ಉತ್ಪನ್ನಗಳ ಪಟ್ಟಿ ಅನ್ನುತ್ತಾರೆ. ನಮ್ಮಲ್ಲಿ ಸೇನಾ ವಿಮಾನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಸೆಮಿಲ್ಯಾಕ್ ಬೆಂಗಳೂರಿನಲ್ಲೇ, ಮಾರತ್‌ಹಳ್ಳಿಯಲ್ಲೇ ಇದೆ. ನನ್ನ ಆರ್ಡರ್‌ನ ಕೊನೆಯ ಪುಟದಲ್ಲಿ ಎಣ್ಣೆ ಕ್ಯೂಪಿಎಲ್‌ನಲ್ಲಿರಬೇಕು ಇಲ್ಲವೇ ಸೆಮಿಲ್ಯಾಕ್ ಒಪ್ಪಿಗೆ ಇರಬೇಕು ಎಂದು ಬರೆದೇ ಇತ್ತು. ರೇಟು, ಡೆಲಿವರಿ ದಿನಾಂಕ ನೋಡಿದವನು ಆ ಪುಟ ತಿರುಗಿಸಲಿಲ್ಲ.

ಬ್ಲೆಂಡರ್ ಹತ್ತಿರ ದುಡ್ಡು ಕೇಳಲು ಹೋದಾಗ ಅವರು ಬಿಲ್ ತೋರಿಸಿದರು. ಡ್ರಮ್ ಮೇಲೆ ದಪ್ಪಕ್ಷರದಲ್ಲಿ 5606. ಬಿಲ್ಲಿನಲ್ಲಿ ಬರೀ 'ಹೈಡ್ರಾಲಿಕ್ ಆಯಿಲ್, ಕೆಂಪು'. ನೀವು ಮುಂಗಡ ಕೊಡುವ ಮೊದಲು ಅಪ್ರೂವಲ್ ಪತ್ರದ ಪ್ರತಿ ಕೇಳಿ. ಅದರಲ್ಲಿನ ಹೆಸರು, ಪ್ಲಾಂಟಿನ ವಿಳಾಸ ಡ್ರಮ್ಮಿನ ಲೇಬಲ್‌ಗೆ ತಾಳೆಯಾಗಬೇಕು. ಮಾನದಂಡದ ನಂಬರನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.