ಗ್ನೂ ಆಕ್ಟೇವ್‌ನ ಕಂಟ್ರೋಲ್ ಪ್ಯಾಕೇಜ್: ಪೋಲಾರ್ ಪ್ಲಾಟ್‌ಗೆ ಎಷ್ಟು ಉಪಯುಕ್ತ?

ಫೀಡ್‌ಬ್ಯಾಕ್ ನಿಯಂತ್ರಣ ವ್ಯವಸ್ಥೆಯೊಂದು ಅಸ್ಥಿರತೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಪೋಲಾರ್ ಪ್ಲಾಟ್‌ನಲ್ಲಿ (ಬೇರೆಬೇರೆ ಆವರ್ತನಗಳಲ್ಲಿ ವ್ಯವಸ್ಥೆಯ ಪ್ರತಿಕ್ರಿಯೆಯ ಗಾತ್ರ ಮತ್ತು ಕೋನವನ್ನು ಒಂದೇ ರೇಖೆಯಾಗಿ ತೋರಿಸುವ ನಕ್ಷೆ) ಅಳೆಯಬಯಸುವ ವಿದ್ಯಾರ್ಥಿಗಳಿಗೆ, ಉಚಿತವಾಗಿ ದೊರೆಯುವ ಗಣಿತ ಲೆಕ್ಕಾಚಾರದ ತಂತ್ರಾಂಶ ಗ್ನೂ ಆಕ್ಟೇವ್ ಮತ್ತು ಅದರ ಕಂಟ್ರೋಲ್ ಪ್ಯಾಕೇಜ್ ಧಾರಾಳವಾಗಿ ಸಾಕು. ಅಂಶದಲ್ಲಿ 1, ಛೇದದಲ್ಲಿ ಎಸ್, ಎಸ್+1, ಎಸ್+2 ಇವುಗಳ ಗುಣಲಬ್ಧ ಇರುವ ವರ್ಗಾವಣಾ ಫಲನವನ್ನು (ವ್ಯವಸ್ಥೆಯ ಇನ್‌ಪುಟ್-ಔಟ್‌ಪುಟ್ ಸಂಬಂಧದ ಸೂತ್ರ) ಕೊಟ್ಟು, ಈ ನಕ್ಷೆಯನ್ನು ಬಿಡಿಸುವ ‘ನೈಕ್ವಿಸ್ಟ್’ ಆದೇಶವನ್ನು ಪರೀಕ್ಷಿಸಿದೆ. ಮೂಲಬಿಂದುವಿನಲ್ಲಿ ಪೋಲ್ (ಛೇದ ಸೊನ್ನೆಯಾಗುವ ಬಿಂದು) ಇರುವುದರಿಂದ ಕಡಿಮೆ ಆವರ್ತನಗಳಲ್ಲಿ ರೇಖೆ ಅನಂತದತ್ತ ಓಡುತ್ತದೆ; ತಂತ್ರಾಂಶ ತಾನಾಗಿ ಆರಿಸುವ ಅಳತೆಯಲ್ಲಿ ಅಸ್ಥಿರತೆಯ ಗಡಿಯನ್ನು ಸೂಚಿಸುವ −1ರ ಆಸುಪಾಸು, ಅಂದರೆ ನಮಗೆ ಬೇಕಾದ ಜಾಗವೇ, ಚುಕ್ಕೆಯಷ್ಟಾಗಿಬಿಡುತ್ತದೆ. ಅಕ್ಷಗಳ ಮಿತಿಯನ್ನು ಕಿರಿದುಗೊಳಿಸಿದ ಮೇಲೆ, ರೇಖೆ ಋಣ ವಾಸ್ತವ ಅಕ್ಷವನ್ನು −1/6ರಲ್ಲಿ ದಾಟುವುದು ಸ್ಪಷ್ಟವಾಗಿ ಕಂಡಿತು: ಗೇನ್ ಮಾರ್ಜಿನ್ (ಅಸ್ಥಿರವಾಗುವ ಮುನ್ನ ಗೇನ್, ಅಂದರೆ ವರ್ಧನೆ, ಎಷ್ಟು ಪಟ್ಟು ಹೆಚ್ಚಬಹುದೆಂಬ ಅಳತೆ) 6, ಎಂದರೆ ಸುಮಾರು 15.6 ಡೆಸಿಬೆಲ್. ಫೇಸ್ ಮಾರ್ಜಿನ್‌ಗಾಗಿ (ಅಸ್ಥಿರವಾಗುವ ಮುನ್ನ ಕೋನ ಇನ್ನೆಷ್ಟು ಹಿಂದುಳಿಯಬಹುದೆಂಬ ಅಳತೆ) 1 ತ್ರಿಜ್ಯದ ವೃತ್ತವನ್ನು ನಾನೇ ಎಳೆದುಕೊಂಡೆ. ಅದು ರೇಖೆಯನ್ನು ಸಂಧಿಸುವ ಬಿಂದುವಿನಿಂದ ಸುಮಾರು 53 ಡಿಗ್ರಿ ಸಿಕ್ಕಿತು. ‘ಮಾರ್ಜಿನ್’ ಆದೇಶ ಇವೇ ಸಂಖ್ಯೆಗಳನ್ನು ಕ್ಷಣದಲ್ಲಿ ಕೊಡುತ್ತದೆಯಾದರೂ, ಉತ್ತರವನ್ನು ಚರಾಕ್ಷರಗಳಿಗೆ ಪಡೆದಾಗ ಗೇನ್ ಡೆಸಿಬೆಲ್‌ನಲ್ಲಿ ಅಲ್ಲ, ಅನುಪಾತವಾಗಿ ಬರುತ್ತದೆ ಎಂಬುದನ್ನು ಗಮನಿಸಬೇಕು. ಪ್ರತಿ ಬಾರಿ ತೆರೆದಾಗಲೂ ಪ್ಯಾಕೇಜನ್ನು ಲೋಡ್ ಮಾಡಬೇಕಾದದ್ದು ಸಣ್ಣ ಕಿರಿಕಿರಿ.