ಜರ್ಮನಿಗೆ ಓದಲು ಹೊರಟವರ ರೊಟ್ಟಿ: ಖಡಕ್ ಒಯ್ಯಬೇಕೋ, ಹಿಟ್ಟು ಒಯ್ಯಬೇಕೋ, ಅಲ್ಲೇ ಕೊಳ್ಳಬೇಕೋ?

ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಜರ್ಮನಿಗೆ ಓದಲು ಹೊರಡುವವರ ಮನೆಯಲ್ಲಿ ಕೊನೆಯ ವಾರದ ಚರ್ಚೆ ಒಂದೇ: ಚೀಲದಲ್ಲಿ ರೊಟ್ಟಿ ಎಷ್ಟು, ಹಿಟ್ಟು ಎಷ್ಟು. ಅಕ್ಕಿ ಅಲ್ಲಿ ಎಲ್ಲ ಕಡೆ ಸಿಗುತ್ತದೆ, ತೊಗರಿಬೇಳೆ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಜೋಳದ ರೊಟ್ಟಿಗೆ ಮಾತ್ರ ದಾರಿ ನಾವೇ ಮಾಡಿಕೊಳ್ಳಬೇಕು. ಮೂರು ದಾರಿಗಳನ್ನೂ ಮಾಡಿ ನೋಡಿ ಬಂದ ತೀರ್ಮಾನ ಇದು: ಮೊದಲ ತಿಂಗಳಿಗೆ ಖಡಕ್ ರೊಟ್ಟಿ ಒಯ್ಯಿರಿ, ಹಿಟ್ಟು ಒಂದೇ ಕಿಲೋ ಒಯ್ಯಿರಿ, ಆಮೇಲೆ ಅಲ್ಲಿಯ ಹಿಟ್ಟಿನಲ್ಲಿ ರೊಟ್ಟಿ ಮಾಡುವುದನ್ನು ಕಲಿಯಿರಿ. ಹತ್ತು ಕಿಲೋ ಹಿಟ್ಟು ಹೊತ್ತೊಯ್ಯುವುದು ದಂಡ.

ಖಡಕ್ ರೊಟ್ಟಿಯ ದೊಡ್ಡ ಗುಣ, ಅದಕ್ಕೆ ಒಲೆ ಬೇಡ. ಮೊದಲ ಎರಡು ವಾರ ಅಲ್ಲಿ ಪಾತ್ರೆ ಇರುವುದಿಲ್ಲ, ಎಷ್ಟೋ ಮಂದಿಗೆ ಸ್ವಂತ ಖೋಲಿಯೂ ಸಿಕ್ಕಿರುವುದಿಲ್ಲ. ವಿಳಾಸ ನೋಂದಣಿ, ಬ್ಯಾಂಕು, ಆರೋಗ್ಯ ವಿಮೆ ಅಂತ ದಿನ ಕಳೆದುಹೋಗುತ್ತದೆ. ಶನಿವಾರ ರಾತ್ರಿ ಇಳಿದರೆ ಮರುದಿನ ರವಿವಾರ, ದೊಡ್ಡ ರೈಲು ನಿಲ್ದಾಣದ ಒಳಗಿನ ಕೆಲವನ್ನು ಬಿಟ್ಟರೆ ದಿನಸಿ ಅಂಗಡಿಗಳೆಲ್ಲ ಬಂದ್. ಅಂಥ ಹೊತ್ತಿಗೆ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಡಬ್ಬಿ ಮೊಸರು ಇದ್ದರೆ ಊಟ ಆಯಿತು. ಮೊಸರು ಟರ್ಕಿ ಅಂಗಡಿಯ 10 ಪ್ರತಿಶತ ಕೊಬ್ಬಿನದು ಆಗಲಿ. ನಮ್ಮ ಎಮ್ಮೆ ಮೊಸರಿನ ಗಟ್ಟಿತನಕ್ಕೆ ಅದೇ ಹತ್ತಿರ.

ತೆಳ್ಳಗೆ ಬಡಿದ ಒಂದು ಖಡಕ್ ರೊಟ್ಟಿ ಸುಮಾರು 40 ಗ್ರಾಂ ತೂಗುತ್ತದೆ. 40 ರೊಟ್ಟಿ ಎಂದರೆ ಒಂದೂವರೆ ಕಿಲೋ ಚಿಲ್ಲರೆ. 23 ಕಿಲೋ ಮಿತಿಯ ಚೀಲದಲ್ಲಿ ಇದು ದೊಡ್ಡ ಭಾರವಲ್ಲ, ಆದರೆ ಜಾಗ ತಿನ್ನುತ್ತದೆ. ಕೆಡುವುದು ಎರಡು ಕಡೆ. ಒಂದು, ಒಣಗಿಸುವಲ್ಲಿ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರುವಾಗುವುದರಿಂದ ಬಹಳಷ್ಟು ಮಂದಿ ಹೊರಡುವುದು ಸೆಪ್ಟೆಂಬರಿನಲ್ಲಿ, ನಮ್ಮಲ್ಲಿ ಆಗ ಮಳೆಗಾಲ. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಅದೇ ದಿನ ಕಟ್ಟಿದರೆ ಒಳಗಿನ ಹಸಿ ಪ್ಲಾಸ್ಟಿಕ್ಕಿನಲ್ಲಿ ಬೆವರಾಗಿ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಸಣ್ಣ ಉರಿಯಲ್ಲಿ, ಅರಿವಿಯಿಂದ ಒತ್ತುತ್ತ ಎರಡೂ ಬದಿ ಪೂರ್ತಿ ಒಣಗಿಸಿ, ಫ್ಯಾನಿನ ಕೆಳಗೆ ಎರಡು ದಿನ ಬಿಡಿಸಿಟ್ಟು, ಮುರಿದಾಗ ಟಕ್ ಅಂತ ಸಪ್ಪಳ ಬಂದ ಮೇಲೆ ಕಟ್ಟಬೇಕು. ಎರಡನೆಯದು, ಪ್ರಯಾಣದಲ್ಲಿ. ರಟ್ಟಿನ ಪೆಟ್ಟಿಗೆ ಹೈದರಾಬಾದಿನ ವಿಮಾನ ನಿಲ್ದಾಣ ದಾಟುವ ಹೊತ್ತಿಗೇ ಕುಸಿದಿರುತ್ತದೆ. ರೊಟ್ಟಿಗಿಂತ ಒಂದು ಬೆರಳು ಅಗಲದ ಸ್ಟೀಲ್ ಡಬ್ಬಿ ತೆಗೆದುಕೊಂಡು, ಹತ್ತತ್ತು ರೊಟ್ಟಿಯ ನಡುವೆ ಕಾಗದ ಇಟ್ಟು, ಸಂದಿಗೆ ಅರಿವಿ ತುರುಕಿದರೆ ಮುಕ್ಕಾಲು ಪಾಲು ಇಡಿಯಾಗಿ ತಲುಪುತ್ತವೆ. ಒಡೆದವನ್ನು ಚೆಲ್ಲಬೇಡಿ, ಮಜ್ಜಿಗೆ ಚಿಮುಕಿಸಿ ಮೆತ್ತಗಾದ ಮೇಲೆ ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟರೆ ಮುಂಜಾನೆಯ ನಾಷ್ಟಾ. ಹಂಚಿಕೆಯ ಅಡುಗೆಮನೆಯ ಹಬೆಗೆ ರೊಟ್ಟಿ ಮೆತ್ತಗಾದರೆ ಓವನ್ನಿನಲ್ಲಿ 150 ಡಿಗ್ರಿಗೆ ಮೂರ್ನಾಲ್ಕು ನಿಮಿಷ ಇಡಿ, ಮತ್ತೆ ಖಡಕ್ ಆಗುತ್ತದೆ.

ಊರಿನ ಹಿಟ್ಟಿನ ವಿಷಯದಲ್ಲಿ ಮನೆಯವರಿಗೆ ತಿಳಿಸಿ ಹೇಳುವುದೇ ಕಷ್ಟ. ಹಿಂಗಾರಿ ಬಿಳಿಜೋಳವನ್ನು ಗಿರಣಿಯಲ್ಲಿ ಬೀಸಿಸಿ ತಂದ ದಿನ ಅದಕ್ಕೆ ಸಾಟಿ ಇಲ್ಲ, ನಿಜ. ಆದರೆ ಜೋಳದಲ್ಲಿ ಗೋಧಿಯ ಹಾಗೆ ಅಂಟು ಕೊಡುವ ಗ್ಲುಟೆನ್ ಇಲ್ಲ. ಅದರ ಜಿಗಿ ಬರುವುದು ಬಿಸಿ ಎಸರಿಗೆ ಪಿಷ್ಟ ಬೆಂದು ಉಬ್ಬುವುದರಿಂದ. ಹಿಟ್ಟು ಹಳತಾದಷ್ಟೂ ಜಿಗಿ ಕಡಿಮೆ, ಬಡಿಯುವಾಗ ಅಂಚು ಸೀಳುತ್ತದೆ. ಜೊತೆಗೆ ಕಾಳಿನ ಮೊಳಕೆ ಭಾಗದ ಎಣ್ಣೆ ಬೀಸಿದ ಮೇಲೆ ಗಾಳಿಗೆ ಸಿಕ್ಕು ಕಹಿಯಾಗುತ್ತದೆ. ಬೆಚ್ಚನೆಯ ಖೋಲಿಯ ಕಪಾಟಿನಲ್ಲಿಟ್ಟ ಹಿಟ್ಟು ಆರೇಳು ವಾರಕ್ಕೇ ಬಾಯಿಗೆ ಕಹಿ ಹತ್ತಿತು. ಫ್ರೀಜರಿನಲ್ಲಿಟ್ಟರೆ ನಾಲ್ಕು ತಿಂಗಳು ಚೆನ್ನಾಗಿರುತ್ತದೆ, ಆದರೆ ಆರು ಜನರ ನಡುವೆ ಇರುವ ಒಂದೇ ಫ್ರೀಜರಿನಲ್ಲಿ ನಿಮಗೆ ಸಿಗುವುದು ಒಂದು ಕಪಾಟು, ಕೆಲವೊಮ್ಮೆ ಅರ್ಧ. ಅದಕ್ಕೇ ಒಂದು ಕಿಲೋ ಸಾಕು ಎಂದದ್ದು. ಅರ್ಧರ್ಧ ಕಿಲೋ ಮಾಡಿ ಗಾಳಿಯಾಡದ ಚೀಲದಲ್ಲಿ ತುಂಬಿ. ಹೊರಗೆ ತೆಗೆದ ಮೇಲೆ ತಂಪು ಇಳಿಯುವ ತನಕ ಬಿಚ್ಚಬೇಡಿ, ಇಲ್ಲದಿದ್ದರೆ ಹಿಟ್ಟಿನ ಮೇಲೆ ನೀರು ಕೂತು ಗಂಟಾಗುತ್ತದೆ. ಹಿಟ್ಟು ದೊಡ್ಡ ಚೀಲದಲ್ಲೇ ಇರಲಿ. ಕೈಚೀಲದಲ್ಲಿ ಪುಡಿ ಕಂಡರೆ ತಪಾಸಣೆಯಲ್ಲಿ ಬಿಚ್ಚಿಸಬಹುದು.

ಇನ್ನು ಅಲ್ಲಿ ಕೊಳ್ಳುವುದು. ಇಂಡಿಯನ್ ಅಂಗಡಿಗಳಲ್ಲಿ ಜೋವಾರ್ ಹಿಟ್ಟಿನ ಒಂದು ಕಿಲೋ ಪೊಟ್ಟಣ ಸಿಗುತ್ತದೆ. ಬೆಲೆ ನಮ್ಮೂರಿನ ಹಲವು ಪಟ್ಟು. ಸಾವಯವ ಅಂಗಡಿಗಳಲ್ಲಿ ‘ಸೋರ್ಗುಮ್’ ಎಂದು ಬರೆದದ್ದಿದ್ದರೆ ಅದೂ ಜೋಳವೇ. ಬರೀ ‘ಹಿರ್ಸೆ’ ಎಂದಿದ್ದರೆ ಬಿಡಿ. ಸಾಮಾನ್ಯವಾಗಿ ಅದು ನಮ್ಮ ಬರಗು. ಅದರ ಹಿಟ್ಟಿನಲ್ಲಿ ಜೋಳದ ರೊಟ್ಟಿ ಬಡಿಯಲು ಬರುವುದಿಲ್ಲ, ಹೊಸಬರು ಬಹಳ ಮಂದಿ ಇಲ್ಲೇ ಎಡವುತ್ತಾರೆ. ಪೊಟ್ಟಣದ ಮೇಲೆ ಎಲ್ಲಿಯ ತನಕ ಬಳಸಬಹುದು ಎಂಬ ತಾರೀಖು ಸಾಲದು, ಕಟ್ಟಿದ ತಾರೀಖು ನೋಡಿ ಹೊಸದನ್ನೇ ಆರಿಸಿ. ಹಾಗೆ ನೋಡಿ ಕೊಂಡರೂ ಅದು ಹಳೆಯ ಹಿಟ್ಟೇ, ನೇರ ಬಡಿದರೆ ಸೀಳುತ್ತದೆ.

ಹಳೆಯ ಹಿಟ್ಟಿಗೆ ಉಪಾಯ ಎಸರಿನಲ್ಲಿದೆ. ಹೊಸ ಹಿಟ್ಟಿಗೆ ಬಟ್ಟಲಿಗೆ ಮುಕ್ಕಾಲು ಬಟ್ಟಲು ಕುದಿ ನೀರು ಸಾಕು. ಇದಕ್ಕೆ ಪೂರ್ತಿ ಒಂದು ಬಟ್ಟಲು ಬೇಕು. ನೀರು ಉಪ್ಪು ಹಾಕಿ ತಳಮಳ ಕುದಿಯುವಾಗ ಹಿಟ್ಟು ಸುರಿದು, ಒಲೆ ಆರಿಸಿ, ಕೋಲಿನಿಂದ ತಿರುವಿ ಹತ್ತು ನಿಮಿಷ ಮುಚ್ಚಿಡಿ. ಕೈಗೆ ತಾಳುವಷ್ಟು ಬಿಸಿ ಇರುವಾಗಲೇ ಐದು ನಿಮಿಷ ನಾದಿ; ಆರಿದ ಮೇಲೆ ನಾದಿದರೆ ಮತ್ತೆ ಸೀಳು. ಅಷ್ಟಾದರೂ ಅಂಟು ಬರದಿದ್ದರೆ ಬಟ್ಟಲಿಗೆ ಎರಡು ಚಮಚ ಗೋಧಿ ಹಿಟ್ಟು ಸೇರಿಸಿ. ಗೋಧಿ ಒಗ್ಗದವರು ಉದ್ದಿನ ಹಿಟ್ಟು ಸೇರಿಸಬಹುದು.

ಒಲೆಯ ಸಂಗತಿಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಲ್ಲಿ ಬಹಳ ಕಡೆ ಗ್ಯಾಸ್ ಇಲ್ಲ. ಗಾಜಿನ ಒಲೆ, ಬೀಡಿನ ತಟ್ಟೆಯ ಕರೆಂಟ್ ಒಲೆ, ಇಲ್ಲವೇ ಇಂಡಕ್ಷನ್. ಮನೆಯ ಹಂಚಿನ ತಳ ಕೊಂಚ ಗುಂಡಗಿರುತ್ತದೆ. ಸಪಾಟು ಒಲೆಯ ಮೇಲೆ ಅದು ನಡುವೆ ಮಾತ್ರ ತಾಗಿ, ರೊಟ್ಟಿ ನಡುವೆ ಸುಟ್ಟು ಅಂಚು ಹಸಿ ಉಳಿಯುತ್ತದೆ. ಊರಿಂದಲೇ ಒಯ್ಯುವುದಾದರೆ ಸ್ಕೇಲ್ ಇಟ್ಟು ನೋಡಿ ಸಪಾಟು ತಳದ ಕಬ್ಬಿಣದ ತವಾ ಆರಿಸಿ. ಮಣ್ಣಿನ ಹಂಚು, ಬರೀ ಅಲ್ಯೂಮಿನಿಯಂ ತವಾ ಇಂಡಕ್ಷನ್ನಿಗೆ ಕಾಯುವುದೇ ಇಲ್ಲ. ಬೀಡಿನ ತಟ್ಟೆ ಕಾಯಲು ಹತ್ತು ನಿಮಿಷ ಹಿಡಿಯುತ್ತದೆ, ಆದರೆ ಬಿಸಿ ಬೇಗ ಬಿಡುವುದಿಲ್ಲ. ಆರಿಸಿದ ಮೇಲೂ ಅದರ ಮೇಲೆ ಒಂದೆರಡು ರೊಟ್ಟಿ ಖಡಕ್ ಆಗುತ್ತವೆ. ಖಡಕ್ ಮಾಡಲು ನಮಗೆ ಮೂರರಲ್ಲಿ ಹೆಚ್ಚು ಹಿಡಿಸಿದ್ದು ಇದೇ.

ಬಡಿಯುವ ಸಪ್ಪಳದ ಬಗ್ಗೆಯೂ ಎಚ್ಚರ ಬೇಕು. ರಾತ್ರಿ 10ರಿಂದ ಮುಂಜಾನೆ 6ರ ತನಕ ಅಲ್ಲಿ ಶಾಂತ ಸಮಯ. ಮಣೆಯ ಕೆಳಗೆ ದಪ್ಪ ಅರಿವಿ ಹಾಸಿ, ಇಲ್ಲವೇ ಎರಡು ಬೇಕಿಂಗ್ ಪೇಪರ್ ನಡುವೆ ಲಟ್ಟಿಸಿ. ಲಟ್ಟಿಸಿದ್ದು ಬಡಿದಷ್ಟು ತೆಳುವಾಗುವುದಿಲ್ಲ, ಆದರೂ ಬಾಯಿಗೆ ರೊಟ್ಟಿಯೇ. ಗಾಜಿನ ಒಲೆಯ ಮೇಲಂತೂ ಬಡಿಯಲೇಬೇಡಿ, ಬಿರುಕು ಬಿಟ್ಟರೆ ಖೋಲಿಗೆ ಕೊಟ್ಟ ಠೇವಣಿಯಿಂದ ಹಣ ಕಟ್. ತವಾ ಮೇಲೆ ಉದುರಿದ ಒಣ ಹಿಟ್ಟು ಸುಟ್ಟು ಹೊಗೆಯಾದರೆ ಬೆಂಕಿ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ; ಪ್ರತಿ ರೊಟ್ಟಿ ಆದ ಮೇಲೂ ಒರೆಸಿ, ಕಿಟಕಿ ತೆರೆದಿಡಿ.

ಪಾರ್ಸೆಲ್ ತರಿಸುವುದು ನಮ್ಮ ಲೆಕ್ಕದಲ್ಲಿ ಕೊನೆಯ ದಾರಿ. ವಾರಗಟ್ಟಲೆ ದಾರಿಯಲ್ಲೇ ಹಿಟ್ಟು ಹಳತಾಗುತ್ತದೆ, ರೊಟ್ಟಿ ಪುಡಿಯಾಗುತ್ತದೆ. 2021ರ ಜುಲೈ 1ರಿಂದ ಯುರೋಪ್ ಒಕ್ಕೂಟದ ಹೊರಗಿನ ಸಾಮಾನಿಗೆ ಮೊದಲ ಯೂರೋದಿಂದಲೇ ತೆರಿಗೆ. ಮನೆಯವರು ಉಡುಗೊರೆಯಾಗಿ ಕಳಿಸಿದ 45 ಯೂರೋ ಒಳಗಿನದಕ್ಕೆ ಮಾತ್ರ ವಿನಾಯಿತಿ. ಚೀಲದಲ್ಲಿ ಆಗಲಿ ಪಾರ್ಸೆಲಿನಲ್ಲಿ ಆಗಲಿ ತುಪ್ಪ, ಖೋವಾ, ಪನೀರು ಇಡಬೇಡಿ, ಹೊರಗಿನ ಹಾಲಿನ ಪದಾರ್ಥಕ್ಕೆ ಅಲ್ಲಿ ನಿಷೇಧ. ಹಸಿ ಕರಿಬೇವು, ಹಸಿ ಪುಂಡಿ ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಅವನ್ನೂ ಬಿಡಿ. ಅಗಸಿ, ಗುರೆಳ್ಳು, ಶೇಂಗಾ ಹಿಂಡಿಗಳನ್ನು ಹುರಿದು ಕುಟ್ಟಿದ ಪುಡಿಯಾಗಿ ಧೈರ್ಯವಾಗಿ ಒಯ್ಯಬಹುದು. ಶೇಂಗಾ ಹಿಂಡಿಯ ಡಬ್ಬಿಗೆ ಮಾತ್ರ ‘ಎರ್ಡ್‌ನುಸ್’ ಎಂದು ಜರ್ಮನ್ ಹೆಸರು ಬರೆದು ಅಂಟಿಸಿ, ಜೊತೆಗಿರುವವರಿಗೆ ಬಾಯಿಂದಲೂ ಹೇಳಿ. ಶೇಂಗಾ ಅಲರ್ಜಿ ಇದ್ದವರಿಗೆ ಅದೇ ಚಮಚ ತಾಗಿದರೂ ಪ್ರಾಣಕ್ಕೆ ಬರಬಹುದು.