ಇಮ್ಯಾಕ್ಸ್‌ನೊಂದಿಗೆ ಹನ್ನೊಂದು ವರ್ಷ: ಕೆಳಗಿನ ಆ ಒಂದು ಸಾಲು

ಶಿರಸಿಯ ಮನೆಯಲ್ಲೇ ಕುಳಿತು ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಅಷ್ಟೂ ಕೆಲಸ ನಡೆದಿರುವುದು ಇಮ್ಯಾಕ್ಸ್ ಎಂಬ ಪಠ್ಯ ಎಡಿಟರ್‌ನಲ್ಲಿ. ಅದಕ್ಕೆ ಒಂದು ರೂಪಾಯಿ ಕೊಡಬೇಕಿಲ್ಲ, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಪುಟಕ್ಕಿಷ್ಟು ಎಂದು ಸಂಪಾದಿಸುವವಳಿಗೆ ಇವೆರಡೂ ದೊಡ್ಡ ಮಾತು. ಗ್ನೂ ಇಮ್ಯಾಕ್ಸ್ 1985ರಿಂದ ಇರುವ ತಂತ್ರಾಂಶ. ಅದರ ಬಗ್ಗೆ ಹೇಳಬೇಕಾದ ಉಳಿದದ್ದನ್ನೆಲ್ಲ ಬೇರೆಯವರು ಹೇಳಿದ್ದಾರೆ. ನಾನು ಬರೆಯುತ್ತಿರುವುದು ಪರದೆಯ ತಳದಲ್ಲಿರುವ ಮಿನಿಬಫರ್ ಎಂಬ ಒಂದೇ ಒಂದು ಸಾಲಿನ ಬಗ್ಗೆ. ಇಮ್ಯಾಕ್ಸ್ ನಮ್ಮನ್ನು ಏನಾದರೂ ಕೇಳುವುದು ಅಲ್ಲಿ, ನಾವು ಉತ್ತರ ಕೊಡುವುದೂ ಅಲ್ಲೇ.

ಬೆಳಿಗ್ಗೆ ಹಾಲು, ಬೆಲ್ಲ ಹಾಕಿದ ಕಷಾಯದ ಲೋಟ ಎಡಗಡೆ ಇಟ್ಟುಕೊಂಡು ಹೊಸ ಹಸ್ತಪ್ರತಿ ತೆರೆಯುತ್ತೇನೆ. ಮೊದಲ ಅರ್ಧ ಗಂಟೆ ಓದುವುದಿಲ್ಲ, ಗೊತ್ತಿರುವ ತಪ್ಪುಗಳನ್ನು ಹುಡುಕಿ ಬದಲಿಸುತ್ತೇನೆ. ಯಾವ ಪದ ಎಂದು ಕೆಳಗಿನ ಸಾಲು ಕೇಳುತ್ತದೆ. ಹಿಂದಕ್ಕೆ ಹುಡುಕುವ ಕಂಟ್ರೋಲ್-ಆರ್ ಒತ್ತಿ ‘ಕೋಟ್ಯ’ ಎಂದಷ್ಟು ಬರೆದರೆ ಎಂದೋ ಕೊಟ್ಟಿದ್ದ ‘ಕೋಟ್ಯಾಂತರ’ ಎದ್ದು ಬರುತ್ತದೆ. ಎಂಟರ್ ಒತ್ತಿದರೆ ಹುಡುಕಾಟ ಮುಗಿಯುತ್ತದೆ, ಇನ್ನೊಂದು ಎಂಟರ್‌ಗೆ ಉತ್ತರ ಸಲ್ಲುತ್ತದೆ. ಯಾವುದಕ್ಕೆ ಬದಲಿಸಲಿ ಎಂಬ ಪ್ರಶ್ನೆಗೂ ಹಾಗೆಯೇ ಹಿಂದೆ ಹೋಗಿ ‘ಕೋಟ್ಯಂತರ’ವನ್ನು ಹಿಡಿದು ತರುತ್ತೇನೆ. ಆಮೇಲೆ ‘ಜಾತ್ಯಾತೀತ’, ಆಮೇಲೆ ‘ಉಚ್ಛಾರ’. ಒಂದನ್ನೂ ಪೂರ್ತಿ ಬರೆಯಬೇಕಾಗಿಲ್ಲ. ಕಷಾಯ ಮುಗಿಯುವಷ್ಟರಲ್ಲಿ ಹಸ್ತಪ್ರತಿ ಒಂದು ಸುತ್ತು ಗುಡಿಸಿದಂತಾಗಿರುತ್ತದೆ.

ಮಿನಿಬಫರ್‌ನಲ್ಲಿ ಹುಡುಕಿದರೆ ಹಳೆಯ ಉತ್ತರಗಳಲ್ಲಿ ಹುಡುಕುವ ಈ ನಡವಳಿಕೆ 2009ರಲ್ಲಿ ಬಂದ 23ನೇ ಆವೃತ್ತಿಯದು. ನನ್ನಂತೆಯೇ ಕರಡು ತಿದ್ದುವ ಗೆಳತಿಗೆ ಇದು ಒಪ್ಪಿಗೆಯಿಲ್ಲ. ಎಲ್ಲಿಂದ ಹುಡುಕಿದರೂ ಮೇಲಿನ ಬರಹದಲ್ಲೇ ಹುಡುಕಬೇಕು ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಪ್ರಶ್ನೆಯ ಮುಂದೆ ಕುಳಿತವರಿಗೆ ಬೇಕಾದದ್ದು ಉತ್ತರ. ಅದು ಸಿಗುವುದು ಹಿಂದೆ ಕೊಟ್ಟ ಉತ್ತರಗಳಲ್ಲಿ. ಬರಹದಲ್ಲಿ ಹುಡುಕಬೇಕೆಂದರೆ ಕಂಟ್ರೋಲ್-ಎಕ್ಸ್, ಓ ಒತ್ತಿ ಮೇಲಕ್ಕೆ ಹೋಗಬಹುದು, ಪ್ರಶ್ನೆ ಕೆಳಗೆ ಕಾಯುತ್ತಲೇ ಇರುತ್ತದೆ.

ಇಷ್ಟು ಹೊಗಳಿದ ಮೇಲೆ ಕಳೆದ ಶ್ರಾವಣದ ಒಂದು ಸಂಜೆಯನ್ನೂ ಹೇಳಬೇಕು. ಅಡಿಕೆ ಬೆಳೆಗಾರರ ಲೇಖನಗಳ ಸಂಕಲನ, ಮರುದಿನ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಒಬ್ಬರು ‘ಕೊಳೆ ರೋಗ’ ಎಂದು ಬಿಡಿಸಿ ಬರೆದಿದ್ದಾರೆ, ಇನ್ನೊಬ್ಬರು ‘ಕೊಳೆರೋಗ’, ಮತ್ತೊಬ್ಬರು ‘ಕೊಳೇರೋಗ’. ಆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ನಾಲ್ಕು ಕಾಗುಣಿತ. ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಉದ್ದನೆಯ ಹುಡುಕು ಮಾದರಿಯೊಂದನ್ನು ಕೆಳಗಿನ ಸಾಲಿನಲ್ಲಿ ಹೆಣೆಯುತ್ತಿದ್ದೆ. ಹೊರಗೆ ಜಡಿಮಳೆ, ಕರೆಂಟ್ ಹೋಗಿತ್ತು, ಬ್ಯಾಟರಿ ಅರ್ಧಕ್ಕಿಳಿದಿತ್ತು. ಹಳೆಯ ಮಾದರಿಯೊಂದರ ತುಣುಕು ಬೇಕೆನಿಸಿ ಕಂಟ್ರೋಲ್-ಆರ್ ಒತ್ತಿದೆ. ಸಿಕ್ಕಿದ್ದು ಬೇಕಾದದ್ದಲ್ಲ. ರದ್ದು ಮಾಡಲು ಕಂಟ್ರೋಲ್-ಜಿ ಎರಡು ಸಲ ಒತ್ತಿದೆ. ಹುಡುಕಾಟವೂ ಹೋಯಿತು, ಪ್ರಶ್ನೆಯೂ ಮುಚ್ಚಿತು, ಇಪ್ಪತ್ತು ನಿಮಿಷ ಹೆಣೆದ ಸಾಲೂ ಹೋಯಿತು.

ಕೈ ಎರಡು ಸಲ ಒತ್ತಿದ್ದಕ್ಕೆ ಕಾರಣವಿದೆ. ಹುಡುಕಿದ್ದು ಸಿಗದೇ ಇದ್ದಾಗ ಮೊದಲ ಕಂಟ್ರೋಲ್-ಜಿ ಸಿಗದ ಅಕ್ಷರಗಳನ್ನಷ್ಟೇ ಅಳಿಸುತ್ತದೆ, ಎರಡನೆಯದು ಹುಡುಕಾಟ ನಿಲ್ಲಿಸುತ್ತದೆ. ಸಿಕ್ಕಿದ್ದಾಗ ಮೊದಲನೆಯದೇ ನಿಲ್ಲಿಸಿಬಿಡುತ್ತದೆ, ಎರಡನೆಯದು ಪ್ರಶ್ನೆಯನ್ನೇ ಮುಚ್ಚುತ್ತದೆ. ಅವಸರದಲ್ಲಿರುವ ಬೆರಳು ಇದನ್ನು ಲೆಕ್ಕ ಇಡುವುದಿಲ್ಲ. ಎಂಟರ್ ಒತ್ತಿ ಸಲ್ಲಿಸಿದ ಉತ್ತರ ಮಾತ್ರ ಹಳೆಯ ಉತ್ತರಗಳ ಪಟ್ಟಿಗೆ ಸೇರುವುದರಿಂದ ಅರ್ಧದಲ್ಲಿ ಬಿಟ್ಟದ್ದನ್ನು ಮತ್ತೆ ಹುಡುಕಿ ತೆಗೆಯುವ ದಾರಿಯೂ ಇಲ್ಲ. ಹತ್ತು ವರ್ಷದ ಹಿಂದಿನ ಪದವನ್ನು ನೆನಪಿಟ್ಟು ಕೊಡುವ ಸಾಲು ಹತ್ತು ಸೆಕೆಂಡಿನ ಹಿಂದೆ ಬರೆದದ್ದನ್ನು ಉಳಿಸಿಕೊಳ್ಳಲಿಲ್ಲ ಎಂಬುದು ನನಗೆ ನಿಜಕ್ಕೂ ನೋವಾಯಿತು. ರದ್ದಾದ ಉತ್ತರಕ್ಕೂ ಎಲ್ಲಾದರೂ ಒಂದು ಜಾಗ ಇರಬೇಕಿತ್ತು. ಆ ರಾತ್ರಿ ಹನ್ನೆರಡರವರೆಗೆ ಮೇಣದಬತ್ತಿಯ ಪಕ್ಕ ಕುಳಿತು ಮಾದರಿಯನ್ನು ಮತ್ತೆ ಬರೆದೆ. ವಾರಗಟ್ಟಲೆ ಸಿಟ್ಟು ಹೋಗಲಿಲ್ಲ. ಬೇರೆ ಎರಡು ಎಡಿಟರ್ ಹಾಕಿಕೊಂಡೂ ನೋಡಿದೆ. ಬೆಳಗಿನ ಅರ್ಧ ಗಂಟೆಯ ಕೆಲಸ ಅವುಗಳಲ್ಲಿ ಒಂದೂವರೆ ಗಂಟೆ ಹಿಡಿಯಿತು, ಮರಳಿ ಬಂದೆ.

ಈಗ ಹುಡುಕಾಟವನ್ನು ಕಂಟ್ರೋಲ್-ಜಿಯಿಂದ ನಿಲ್ಲಿಸುವುದೇ ಇಲ್ಲ. ಸಿಕ್ಕಿದ್ದು ಬೇಡವಾದರೂ ಎಂಟರ್ ಒತ್ತಿ ಹೊರಬಂದು, ಆಲ್ಟ್-ಎನ್ ಒತ್ತುತ್ತ ನಾನು ಬರೆಯುತ್ತಿದ್ದ ಸಾಲಿಗೆ ಮರಳುತ್ತೇನೆ. ಸಾಲು ತುಂಬ ಉದ್ದವಿದ್ದರೆ ಮೊದಲೇ ಕಂಟ್ರೋಲ್-ಎ, ಕಂಟ್ರೋಲ್-ಕೆ ಒತ್ತಿ ಕತ್ತರಿಸಿಟ್ಟುಕೊಳ್ಳುತ್ತೇನೆ. ಆಮೇಲೆ ಏನೇ ಆದರೂ ಕಂಟ್ರೋಲ್-ವೈ ಅದನ್ನು ವಾಪಸು ತರುತ್ತದೆ.

ಕನ್ನಡದ ಕರಡು ತಿದ್ದುವವರಿಗೆ ಇಮ್ಯಾಕ್ಸ್ ಬಳಸಿ ಎಂದು ಈಗಲೂ ಧೈರ್ಯವಾಗಿ ಹೇಳುತ್ತೇನೆ. ಹಾಕಿಕೊಂಡ ದಿನವೇ ‘ಸೇವ್‌ಹಿಸ್ಟ್-ಮೋಡ್’ ಚಾಲೂ ಮಾಡಿ, ಇಲ್ಲವಾದರೆ ಇಮ್ಯಾಕ್ಸ್ ಮುಚ್ಚಿದೊಡನೆ ಹಳೆಯ ಉತ್ತರಗಳೆಲ್ಲ ಹೋಗುತ್ತವೆ. ಮೊದಲಿಗೆ ಅದು ಇಟ್ಟುಕೊಳ್ಳುವುದು ನೂರು ಉತ್ತರಗಳನ್ನು ಮಾತ್ರ. ನಾನು ಸಾವಿರಕ್ಕೆ ಏರಿಸಿದ್ದೇನೆ.